ಹೊಸ ಸ್ಕೂಬಾ ಗೇರ್ ಪರೀಕ್ಷೆಗೆ ಯಾವ ಬುಗ್ಗೆ? ಸಪ್ಪೆ ಅನ್ನಿಸುವುದೇ ಸರಿ

ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ತಂದುಕೊಡುವ ಹೊಸ ರೆಗ್ಯುಲೇಟರ್, ಅಥವಾ ಗಾಳಿ ತುಂಬಿ ತೆಗೆದು ತೇಲುವಿಕೆ ಹದಮಾಡುವ ಜಾಕೆಟ್ ಆದ ಬಿಸಿಡಿ ಮನೆಗೆ ಬಂದ ದಿನ ಯಾರಿಗಾದರೂ ಬರುವ ಮೊದಲ ಯೋಚನೆ, ಇದನ್ನ ಯಾವ ನೀರಲ್ಲಿ ಇಳಿಸಿ ನೋಡೋದು ಅಂತ. ನೀವು ಫ್ಲಾರಿಡಾದಲ್ಲಿದ್ದರೆ, ಅಥವಾ ಜಾರ್ಜಿಯಾ, ಅಲಬಾಮಾ ಕಡೆಯಿಂದ ಶನಿವಾರ ನಸುಕಿಗೆ ಕಾರು ಹತ್ತಿ ಅಲ್ಲಿಗೆ ಹೋಗುವವರಾದರೆ, ಇದಕ್ಕೆ ಉತ್ತರ ಸುಲಭ: ಸಿಹಿನೀರಿನ ಬುಗ್ಗೆ. ಕಷ್ಟ ಇರೋದು ಯಾವ ಬುಗ್ಗೆ ಅನ್ನೋದರಲ್ಲಿ. ಜನ ಸಾಮಾನ್ಯವಾಗಿ ಫೋಟೋ ನೋಡಿ ಆರಿಸುತ್ತಾರೆ. ನೀಲಿ ನೀರು, ಮೇಲಿಂದ ಬೀಳುವ ಬೆಳಕಿನ ಕೋಲು, ಕೆಳಗೆ ಕತ್ತಲೆಯ ಗುಹೆಬಾಯಿ. ನೋಡಲು ಹೋಗುವವರಿಗೆ ಅದು ಸರಿ. ಗೇರ್ ಪರೀಕ್ಷೆಗೆ ಹೋಗುವವರು ಮಾತ್ರ ಬೇರೆ ಪ್ರಶ್ನೆ ಕೇಳಿಕೊಳ್ಳಬೇಕು: ಈ ಹೊಸ ಸಾಮಾನು ಕೈಕೊಟ್ಟರೆ ಹೇಗೆ ಕೈಕೊಡುತ್ತೆ, ಆಗ ನಾನು ಎಲ್ಲಿರಬೇಕು? ಇದಕ್ಕೆ ಉತ್ತರ ಸಿಕ್ಕರೆ ಬುಗ್ಗೆ ತಾನೇ ಆಯ್ಕೆ ಆಗುತ್ತೆ.

ಮೊದಲು ಈ ಬುಗ್ಗೆಗಳು ಯಾಕೆ ಇಷ್ಟು ಅನುಕೂಲ ಅಂತ ನೋಡೋಣ. ಉತ್ತರ ಫ್ಲಾರಿಡಾದ ನೆಲದಡಿ ಇರೋದು ಸುಣ್ಣಕಲ್ಲು. ಮಳೆನೀರು ಅದನ್ನು ಸಾವಿರಾರು ವರ್ಷ ಕರಗಿಸಿ ಒಳಗೆಲ್ಲಾ ಟೊಳ್ಳು, ಸುರಂಗ, ಬಿರುಕು ಮಾಡಿದೆ. ಆ ಟೊಳ್ಳುಗಳಲ್ಲಿ ತುಂಬಿರುವ ಅಂತರ್ಜಲ ಒತ್ತಡಕ್ಕೆ ಎಲ್ಲೆಲ್ಲಿ ಮೇಲೆ ಬರುತ್ತೋ ಅಲ್ಲೆಲ್ಲ ಬುಗ್ಗೆ. ರಾಜ್ಯದಲ್ಲಿ ಇಂಥವು ಸಾವಿರಕ್ಕೂ ಜಾಸ್ತಿ ಇವೆ. ಕಲ್ಲಿನ ಮೂಲಕ ಸೋಸಿ ಬರುವ ನೀರಾದ್ದರಿಂದ ಸಾಮಾನ್ಯವಾಗಿ ತಿಳಿಯಾಗಿರುತ್ತೆ. ನೆಲದಡಿಯ ನೀರಾದ್ದರಿಂದ ಬೇಸಿಗೆಯಲ್ಲೂ ಚಳಿಗಾಲದಲ್ಲೂ ಹೆಚ್ಚುಕಡಿಮೆ ಒಂದೇ ಉಷ್ಣತೆ, ರಾಜ್ಯದ ನಡುಭಾಗದ ಉತ್ತರಕ್ಕೆ ಸುಮಾರು 22 ಡಿಗ್ರಿ ಸೆಲ್ಸಿಯಸ್. ಪರೀಕ್ಷೆ ಮಾಡುವವರಿಗೆ ಇದು ದೊಡ್ಡ ವರ. ಜನವರಿಯಲ್ಲಿ ಒಂದು ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರ್ ಉಡುಪು) ಹಾಕಿ, ಮುಳುಗಲು ಎಷ್ಟು ತೂಕ ಕಟ್ಟಿಕೊಳ್ಳಬೇಕಾಯಿತು ಅಂತ ಬರೆದಿಟ್ಟರೆ, ಅದೇ ಲೆಕ್ಕವನ್ನು ಜುಲೈನಲ್ಲಿ ಅದೇ ಜಾಗದಲ್ಲಿ ಹೋಲಿಸಿ ನೋಡಬಹುದು.

ಈಜುಕೊಳ ಸಾಕಲ್ವಾ ಅಂತ ಕೇಳಬಹುದು. ಅರ್ಧ ಕೆಲಸಕ್ಕೆ ಸಾಕು. ಮಾಸ್ಕ್ ಮುಖಕ್ಕೆ ಕೂತಿದೆಯಾ, ಪಟ್ಟಿ ಎಲ್ಲಿ ಕೊರೆಯುತ್ತೆ, ಕಾಲಿನ ಫಿನ್ ಬಿಗಿಯಾ, ಬಕಲ್ ಎಲ್ಲಿ ಕೈಗೆ ಸಿಗುತ್ತೆ, ಇದೆಲ್ಲ ಕೊಳದಲ್ಲೇ ಗೊತ್ತಾಗುತ್ತೆ. ಆದರೆ ಎರಡು ಮೂರು ಮೀಟರ್ ಆಳದಲ್ಲಿ ವೆಟ್‌ಸೂಟ್ ಅಷ್ಟಾಗಿ ಅದುಮಿಕೊಳ್ಳಲ್ಲ, ರೆಗ್ಯುಲೇಟರ್‌ಗೆ ಕಷ್ಟವೇ ಆಗಲ್ಲ. ಸಮುದ್ರದಲ್ಲಿ ಆಳ ಸಿಗುತ್ತೆ, ಜೊತೆಗೆ ಅಲೆ, ದೋಣಿ, ಉಪ್ಪು, ಇತರರ ಆತುರ ಎಲ್ಲ ಬರುತ್ತೆ. ದೋಣಿಯಲ್ಲಿ ಹನ್ನೆರಡು ಜನ ಕಾಯುತ್ತಿರುವಾಗ ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಗುಂಡಿ ಯಾಕೆ ಅಂಟುತ್ತಿದೆ ಅಂತ ಯಾರೂ ಸಮಾಧಾನವಾಗಿ ನೋಡಲ್ಲ. ಬುಗ್ಗೆ ಈ ಎರಡರ ನಡುವೆ ನಿಲ್ಲುತ್ತೆ.

ಈಗ ಗೇರ್ ಹೇಗೆ ಕೈಕೊಡುತ್ತೆ ಅನ್ನೋದಕ್ಕೆ ಬರೋಣ.

ರೆಗ್ಯುಲೇಟರ್‌ನಲ್ಲಿ ಹೊಸಬರನ್ನು ಜಾಸ್ತಿ ಹೆದರಿಸೋದು ಫ್ರೀ ಫ್ಲೋ, ಅಂದರೆ ಗಾಳಿ ನಿಲ್ಲದೆ ಭುಸುಗುಟ್ಟಿ ಹೊರಗೆ ಬರೋದು. ಇದರಲ್ಲಿ ಒಂದಷ್ಟು ಭಾಗ ದೋಷವೇ ಅಲ್ಲ. ಸೆಕೆಂಡ್ ಸ್ಟೇಜನ್ನು, ಅಂದರೆ ಬಾಯಿಗೆ ಇಟ್ಟುಕೊಳ್ಳುವ ಭಾಗವನ್ನು, ಬಾಯಿಯ ಕಡೆ ಮೇಲೆ ಮಾಡಿ ನೀರಿಗೆ ಬಿಟ್ಟರೆ ಒಳ್ಳೆ ರೆಗ್ಯುಲೇಟರ್ ಕೂಡ ಭುಸುಗುಟ್ಟುತ್ತೆ, ತಿರುಗಿಸಿ ಬಾಯಿಯ ಕಡೆ ಕೆಳಗೆ ಮಾಡಿದರೆ ನಿಲ್ಲುತ್ತೆ. ಪಕ್ಕದಲ್ಲಿ ಪುಟ್ಟ ಲಿವರ್ ಇದ್ದರೆ ಅದನ್ನು ಪ್ರೀ-ಡೈವ್ ಕಡೆಗೆ ಇಟ್ಟು ಇಳಿಯಬೇಕು. ನಿಜವಾದ ದೋಷ ಬೇರೆ ಥರ ಕಾಣುತ್ತೆ. ಸಿಲಿಂಡರ್ ತೆರೆದಾಗ ಎಲ್ಲ ಸರಿ ಇರುತ್ತೆ, ಕೆಲವು ನಿಮಿಷ ಬಿಟ್ಟು ಸಣ್ಣಗೆ ಸೋರಲು ಶುರುವಾಗುತ್ತೆ. ಸಿಲಿಂಡರ್‌ಗೆ ಕೂರಿಸುವ ಭಾಗವಾದ ಫಸ್ಟ್ ಸ್ಟೇಜ್ ಒಳಗಿನ ಒತ್ತಡ ಮೆಲ್ಲಮೆಲ್ಲಗೆ ಏರುತ್ತಿದೆ ಅಂತ ಇದರರ್ಥ. ಅದನ್ನು ಅಂಗಡಿಯವರೇ ಗೇಜ್ ಹಾಕಿ ನೋಡಬೇಕು, ನೀರಲ್ಲಿ ಸರಿ ಮಾಡುವ ವಿಷಯ ಅಲ್ಲ.

ಇದಕ್ಕಿಂತ ನನಗೆ ಜಾಸ್ತಿ ಭಯ ಬಿಸಿಡಿಯ ಇನ್‌ಫ್ಲೇಟರ್ ಮೇಲೆ. ಗುಂಡಿ ಒತ್ತಿ ಬಿಟ್ಟ ಮೇಲೂ ಗಾಳಿ ತುಂಬುತ್ತಲೇ ಇದ್ದರೆ ಡೈವರ್ ಬಲೂನಿನ ಹಾಗೆ ಮೇಲಕ್ಕೆ ಹೋಗುತ್ತಾನೆ. ಮೇಲೆ ಹೋದಷ್ಟೂ ಒತ್ತಡ ಕಡಿಮೆ, ಒಳಗಿನ ಗಾಳಿ ಇನ್ನೂ ಹಿಗ್ಗುತ್ತೆ, ವೇಗ ಇನ್ನೂ ಜಾಸ್ತಿ. ಮಾಡಬೇಕಾದ್ದು ಇನ್‌ಫ್ಲೇಟರ್‌ನ ಹೋಸ್ ಕಳಚಿ, ಗಾಳಿ ಹೊರಬಿಡುವ ಡಂಪ್ ವಾಲ್ವ್ ಎಳೆದು, ಉಸಿರು ಬಿಡುತ್ತಲೇ ಇರುವುದು. ಹೊಸ ಬಿಸಿಡಿಯಲ್ಲಿ ಆ ಹೋಸ್‌ನ ಕ್ಲಿಪ್ ಬಿಗಿಯಾಗಿರುತ್ತೆ, ಡಂಪ್ ವಾಲ್ವ್‌ನ ದಾರ ಹಳೆಯದರಲ್ಲಿ ಇದ್ದ ಜಾಗದಲ್ಲಿ ಇರಲ್ಲ, ಕೈ ಅಭ್ಯಾಸದಂತೆ ಹಳೇ ಜಾಗಕ್ಕೇ ಹೋಗುತ್ತೆ. ಇಪ್ಪತ್ತು ಮೀಟರ್‌ನಲ್ಲಿ ಹೀಗಾಗೋದು ಬೇರೆ, ಐದು ಮೀಟರ್‌ನಲ್ಲಿ ಬೇರೆ. ಹಾಗಂತ ಐದು ಮೀಟರ್‌ನಲ್ಲಿ ಏನೂ ಆಗಲ್ಲ ಅಂತಲ್ಲ. ಉಸಿರು ಹಿಡಿದು ಮೇಲೆ ಬಂದರೆ ಆಳುದ್ದ ನೀರೂ ಶ್ವಾಸಕೋಶಕ್ಕೆ ಏಟು ಮಾಡಲು ಸಾಕು. ಆಳ ಕಡಿಮೆ ಇದ್ದರೆ ಡಿಕಂಪ್ರೆಷನ್ ಚಿಂತೆ, ಅಂದರೆ ಬೇಗ ಮೇಲೆ ಬಂದಾಗ ಮೈಯೊಳಗೆ ಗಾಳಿಗುಳ್ಳೆ ಏಳುವ ಭಯ, ಕಡಿಮೆ ಅನ್ನೋದಷ್ಟೇ ಲಾಭ.

ಇಷ್ಟು ಗೊತ್ತಾದ ಮೇಲೆ ಮೊದಲ ಡೈವ್‌ನ ಜಾಗ ಹೇಗಿರಬೇಕು ಅನ್ನೋದು ತಾನಾಗಿ ಬರುತ್ತೆ. ತಲೆಯ ಮೇಲೆ ಕಲ್ಲು ಇರಬಾರದು, ನೇರ ಮೇಲೆ ಹೋದರೆ ಆಕಾಶ ಸಿಗಬೇಕು. ಕಾಲ ಕೆಳಗೆ ಐದಾರು ಮೀಟರ್‌ನಲ್ಲಿ ನೆಲವೋ ಪ್ಲಾಟ್‌ಫಾರ್ಮೋ ಇರಬೇಕು, ಯಾಕಂದರೆ ತೂಕ ಜಾಸ್ತಿ ಆಗಿ ಮುಳುಗಿದರೂ ಅಲ್ಲೇ ನಿಲ್ಲಬೇಕು. ಸೊಂಟದೆತ್ತರದ ನೀರಲ್ಲಿ ನಿಂತು ಬಕಲ್ ಸರಿಮಾಡಿಕೊಳ್ಳುವ ಜಾಗ ಬೇಕು. ನೀರು ತಳ್ಳಬಾರದು. ಜೊತೆಗಾರ ಹತ್ತಡಿ ಆಚೆಯಿಂದಲೂ ನಿಮ್ಮ ಓ-ರಿಂಗ್‌ನಿಂದ (ಜೋಡಣೆ ಸೋರದಂತೆ ಹಾಕುವ ರಬ್ಬರ್ ಉಂಗುರ) ಬರುವ ಸಾಸಿವೆ ಗಾತ್ರದ ಗುಳ್ಳೆ ಕಾಣುವಷ್ಟು ನೀರು ತಿಳಿಯಾಗಿರಬೇಕು. ಸುಮ್ನೆ ಹೇಳಬೇಕಂದರೆ, ದೊಡ್ಡ ಬಯಲು ಬಾವಿ ಥರದ, ಸ್ವಲ್ಪ ಸಪ್ಪೆ ಅನ್ನಿಸುವ ಜಾಗ.

ತಲೆ ಮೇಲೆ ಕಲ್ಲು ಬೇಡ ಅಂದೆ, ಅದನ್ನ ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದರೆ ಬುಗ್ಗೆ ಅಂದರೆ ನೀರು ಹೊರಬರುವ ಬಾಯಿ, ಆ ಬಾಯಿಯ ಹಿಂದೆ ಬಹಳ ಕಡೆ ಗುಹೆ ಇದ್ದೇ ಇರುತ್ತೆ. ಫ್ಲಾರಿಡಾದ ಹಲವು ಗುಹೆಬಾಯಿಗಳಲ್ಲಿ ಸಾವಿನ ಚಿತ್ರ ಬರೆದ ಬೋರ್ಡ್ ನೆಟ್ಟಿದ್ದಾರೆ. ಓಪನ್ ವಾಟರ್, ಅಂದರೆ ಬಯಲು ನೀರಿನ ಡೈವಿಂಗ್, ಕಲಿಸುವ ಶಿಕ್ಷಕರೂ ಸೇರಿ 300ಕ್ಕೂ ಹೆಚ್ಚು ಡೈವರ್‌ಗಳು ಇಂಥ ಗುಹೆಗಳಲ್ಲಿ ಸತ್ತಿದ್ದಾರೆ, ಇನ್ನು ಮುಂದೆ ಹೋಗಬೇಡಿ ಅನ್ನೋದು ಅದರ ಸಾರ. ನೀರು ಅಷ್ಟು ತಿಳಿ ಇರೋದೇ ಇಲ್ಲಿ ಮೋಸ. ಬಾಗಿಲಿನ ಬೆಳಕು ಇನ್ನೂ ಕಾಣುತ್ತಿದೆ, ಇನ್ನೊಂದು ಸ್ವಲ್ಪ ಅಂತ ಹೋಗುತ್ತಾರೆ. ಫಿನ್ ಒಮ್ಮೆ ತಳಕ್ಕೆ ತಾಗಿದರೆ ಹೂಳು ಎದ್ದು ಕೈ ಮುಂದೆ ಹಿಡಿದರೂ ಕಾಣಲ್ಲ. ಪರೀಕ್ಷೆ ಮಾಡದ ರೆಗ್ಯುಲೇಟರ್ ಹಿಡಿದು ಅಲ್ಲಿಗೆ ಹೋಗೋದಕ್ಕೆ ಧೈರ್ಯ ಅನ್ನಲ್ಲ.

ಹೈ ಸ್ಪ್ರಿಂಗ್ಸ್ ಊರಿನ ಹತ್ತಿರ ಸಾಂಟಾ ಫೇ ನದಿಯ ದಂಡೆಯಲ್ಲಿರುವ ಜಿನ್ನಿ ಸ್ಪ್ರಿಂಗ್ಸ್ ಇದಕ್ಕೆ ಒಳ್ಳೆ ಪಾಠದಂತಿದೆ. ಅಲ್ಲೇ ಇರುವ ಡೆವಿಲ್ಸ್ ಐ, ಡೆವಿಲ್ಸ್ ಇಯರ್ ಅನ್ನುವ ಬಾಯಿಗಳ ಹತ್ತಿರ, ಗುಹೆ ತರಬೇತಿ ಇಲ್ಲದವರು ಟಾರ್ಚ್ ಹಿಡಿದು ನೀರಿಗೆ ಇಳಿಯುವಂತಿಲ್ಲ. ಕೇಳಿದರೆ ತಲೆಕೆಳಗಾದ ನಿಯಮ ಅನ್ನಿಸುತ್ತೆ, ಬೆಳಕು ಇದ್ದರೆ ಒಳ್ಳೇದಲ್ವಾ ಅಂತ. ಆದರೆ ಟಾರ್ಚ್ ಇಲ್ಲದವನು ಕತ್ತಲೆಗೆ ಹೋಗಲ್ಲ, ಅಷ್ಟೇ ಲೆಕ್ಕ. ಅದೇ ಜಾಗದ ಜಿನ್ನಿ ಬುಗ್ಗೆಯ ಬಾಲ್‌ರೂಮ್ ಅನ್ನುವ ಕೋಣೆಯೊಳಗೆ ಸಾಮಾನ್ಯ ಡೈವರ್‌ಗಳನ್ನೂ ಟಾರ್ಚ್ ಸಮೇತ ಬಿಡುತ್ತಾರೆ, ಏಕೆಂದರೆ ಅದರ ಹಿಂದಿನ ಗುಹೆಗೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದಾರೆ. ಹಾಗಿದ್ದೂ ಅದು ಮೊದಲ ಡೈವ್‌ಗೆ ಬೇಡ. ತಲೆ ಮೇಲೆ ಕಲ್ಲು ಕಲ್ಲೇ.

ಇನ್ನು ನೀರಿನ ರಭಸ. ಬುಗ್ಗೆಗಳನ್ನು ಹೊರಬರುವ ನೀರಿನ ಲೆಕ್ಕದಲ್ಲಿ ದರ್ಜೆ ಮಾಡುತ್ತಾರೆ. ಅಮೆರಿಕದ ಭೂವಿಜ್ಞಾನಿ ಆಸ್ಕರ್ ಮೈಂಜರ್ 1927ರಲ್ಲಿ ಮಾಡಿದ ಪಟ್ಟಿ ಇವತ್ತಿಗೂ ನಡೆಯುತ್ತಿದೆ. ಸೆಕೆಂಡಿಗೆ 100 ಘನ ಅಡಿಗಿಂತ ಜಾಸ್ತಿ, ಅಂದರೆ ಸುಮಾರು 2,800 ಲೀಟರ್ ಮೇಲ್ಪಟ್ಟು ಬಂದರೆ ಅದು ಮೊದಲ ದರ್ಜೆ. ಕೇಳಲು ಭರ್ಜರಿ. ಆದರೆ ಅಷ್ಟು ನೀರು ಸಣ್ಣ ಬಾಯಿಯಿಂದ ಬರುತ್ತಿದ್ದರೆ ಅದರ ಎದುರು ನಿಲ್ಲೋದೇ ಕೆಲಸ ಆಗುತ್ತೆ, ಮಾಸ್ಕ್ ಅಲುಗಾಡುತ್ತೆ, ಒತ್ತಿದರೆ ಗಾಳಿ ಬಿಡುವ ಸೆಕೆಂಡ್ ಸ್ಟೇಜಿನ ಪರ್ಜ್ ಗುಂಡಿಗೆ ನೀರು ನೇರ ಬಡಿದರೆ ಗಾಳಿ ತಾನಾಗಿ ಭುಸುಗುಟ್ಟಬಹುದು. ಆಗ ಇದು ಗೇರ್‌ನ ದೋಷವಾ, ನೀರಿನ ಹೊಡೆತವಾ ಅಂತ ಹೇಳೋಕಾಗಲ್ಲ. ದರ್ಜೆ ದೊಡ್ಡದಿದ್ದರೂ ಕೊಳ ಅಗಲ ಇದ್ದರೆ ತೊಂದರೆ ಇಲ್ಲ, ಬಾಯಿಯಿಂದ ದೂರ ಇದ್ದರಾಯಿತು.

ನದಿ ದಂಡೆಯ ಬುಗ್ಗೆಗಳಿಗೆ ಇನ್ನೊಂದು ಕಾಟ ಇದೆ. ಸುವಾನೀ, ಸಾಂಟಾ ಫೇ ನದಿಗಳ ನೀರು ಚಹಾ ಬಣ್ಣದ್ದು, ಜೌಗು ಕಾಡಿನ ಎಲೆ ತೊಗಟೆ ಕೊಳೆತ ಟ್ಯಾನಿನ್‌ನಿಂದ ಬಂದ ಬಣ್ಣ. ಮಳೆ ಬಂದು ನದಿ ಏರಿದರೆ ಆ ಕಪ್ಪು ನೀರು ಬುಗ್ಗೆಯ ಕೊಳಕ್ಕೆ ನುಗ್ಗುತ್ತೆ, ಕೆಲವು ಕಡೆ ಬುಗ್ಗೆಯೇ ಹಿಮ್ಮುಖವಾಗಿ ನದಿ ನೀರನ್ನು ಒಳಗೆ ಎಳೆದುಕೊಳ್ಳುತ್ತೆ. ನಿನ್ನೆ ಫೋಟೋದಲ್ಲಿ ಗಾಜಿನಂತಿದ್ದ ಜಾಗ ಇವತ್ತು ಕಷಾಯ. ಅಲ್ಲಿ ಬಿಸಿಲು ಇದ್ದರೂ ಮೇಲಿನ ಜಿಲ್ಲೆಯಲ್ಲಿ ಮಳೆ ಬಿದ್ದಿದ್ದರೆ ಸಾಕು. ಹೊರಡುವ ಹಿಂದಿನ ದಿನ ನದಿಯ ಮಟ್ಟ ನೋಡಿ, ಜಾಗದವರಿಗೆ ಫೋನ್ ಮಾಡಿ ಕೇಳಿ. ಮೂರು ಗಂಟೆ ಕಾರು ಓಡಿಸಿ ಹೋಗಿ ಕಷಾಯ ನೋಡಿ ಬರೋದಕ್ಕಿಂತ ಇದು ವಾಸಿ.

ಹೆಸರು ಹಿಡಿದೇ ಹೇಳುವುದಾದರೆ, ಪರೀಕ್ಷೆಗೆ ನನ್ನ ಮೊದಲ ಮತ ವಿಲಿಸ್ಟನ್ ಹತ್ತಿರದ ಬ್ಲೂ ಗ್ರಾಟೋಗೆ. ಅದು ನದಿಗೆ ಅಂಟಿಕೊಂಡಿಲ್ಲ. ಮೇಲ್ಭಾಗ ತೆರೆದ ಕೊಳ, ಅಲ್ಲಿ ತರಬೇತಿಗೆ ಪ್ಲಾಟ್‌ಫಾರ್ಮ್ ಇದೆ. 30 ಅಡಿಯಲ್ಲಿ ಗಾಳಿ ತುಂಬಿದ ಗಂಟೆಯಾಕಾರದ ಬೆಲ್ ಇದೆ, ತಲೆ ಒಳಗೆ ಹಾಕಿ ಜೊತೆಗಾರನ ಹತ್ತಿರ ಬಾಯಿಬಿಟ್ಟು ಮಾತಾಡಬಹುದು. ಎಡಗಡೆ ಹೋಸ್ ಎಳೀತಿದೆ ಕಣೋ ಅಂತ ಕೈಸನ್ನೆಯಲ್ಲಿ ಹೇಳೋ ಕಷ್ಟ ಅನುಭವಿಸಿದವರಿಗೆ ಇದರ ಬೆಲೆ ಗೊತ್ತು. ಬೆಲ್ ಒಳಗಿನ ಗಾಳಿಯೂ ಒತ್ತಡದ ಗಾಳಿಯೇ, ಹೊರಗೆ ಬರುವಾಗ ಉಸಿರು ಹಿಡಿಯಬಾರದು ಅನ್ನೋದು ನೆನಪಿರಲಿ. ಆಳ ಸುಮಾರು 100 ಅಡಿವರೆಗೆ ಹೋಗುತ್ತೆ, ಕೆಳಗೆ ಹೋದಂತೆ ಕಲ್ಲಿನ ಸೂರು ಶುರುವಾಗುತ್ತೆ. ಮೊದಲ ಡೈವ್ ಮೇಲೆಯೇ ಮುಗಿಸಿ.

ಅದೇ ವಿಲಿಸ್ಟನ್‌ನ ಡೆವಿಲ್ಸ್ ಡೆನ್ ಫೋಟೋಗಳಲ್ಲಿ ಎಲ್ಲರೂ ನೋಡಿರುವ ಜಾಗ. ಚಾವಣಿ ಕುಸಿದು ತೂತಾದ ನೆಲದಡಿಯ ಕೋಣೆ, ಕಲ್ಲಿನ ನಡುವೆ ಮೆಟ್ಟಿಲಿಳಿದು ಹೋಗಬೇಕು. ಚಳಿಗಾಲದ ಬೆಳಿಗ್ಗೆ ತೂತಿನಿಂದ ಹಬೆ ಏಳುತ್ತೆ, ಹೆಸರು ಬಂದದ್ದೂ ಅದರಿಂದಲೇ ಅನ್ನುತ್ತಾರೆ. ಆಳ 54 ಅಡಿ. ಚಂದವೋ ಚಂದ. ಆದರೆ ಮೇಲಿನ ತೂತಿಗಿಂತ ಕೆಳಗಿನ ಕೊಳ ಅಗಲ, ಅಂಚಿಗೆ ಸರಿದರೆ ಮೇಲೆ ಕಲ್ಲು. ಭಾರದ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತಿಳಿಯಬೇಕು, ಮರೆತ ಸ್ಪ್ಯಾನರ್ ತರಲು ಮತ್ತೆ ಹತ್ತಬೇಕು. ಹೊಸ ಸೆಟ್ ಅಭ್ಯಾಸ ಆದ ಮೇಲೆ, ಬಹುಮಾನ ಅಂತ ಹೋಗಿ.

ಪಶ್ಚಿಮಕ್ಕೆ, ಪಾಂಸ್ ಡಿ ಲಿಯಾನ್ ಊರಿನ ವೋರ್ಟೆಕ್ಸ್ ಸ್ಪ್ರಿಂಗ್ ಇನ್ನೊಂದು ಒಳ್ಳೆ ಆಯ್ಕೆ. ಅಗಲವಾದ ಕೊಳ, ನೀರೊಳಗೆ ಪ್ಲಾಟ್‌ಫಾರ್ಮ್‌ಗಳು, ತರಬೇತಿಗೆಂದೇ ಬೆಳೆದ ಜಾಗ. ಗುಹೆಯ ಒಳಭಾಗಕ್ಕೆ ಗೇಟು ಹಾಕಿ ಬೀಗ ಜಡಿದಿದ್ದಾರೆ. ನೀರು ಅಲ್ಲಿ ಸ್ವಲ್ಪ ತಣ್ಣಗೆ, ಸುಮಾರು 20 ಡಿಗ್ರಿ. ಈ ಎರಡು ಡಿಗ್ರಿ ಕಾಗದದ ಮೇಲೆ ಸಣ್ಣದು, ಎರಡನೇ ಡೈವ್‌ನ ಅರ್ಧಕ್ಕೆ ಬಂದಾಗ ಹಲ್ಲು ಕಟಕಟಿಸುವಾಗ ದೊಡ್ಡದು.

ಓಕಾಲಾ ನ್ಯಾಷನಲ್ ಫಾರೆಸ್ಟ್‌ನ ಅಲೆಕ್ಸಾಂಡರ್ ಸ್ಪ್ರಿಂಗ್ಸ್ ಆಳ ಕಡಿಮೆ, ಮರಳಿನ ದಂಡೆಯಿಂದ ನಡೆದೇ ನೀರಿಗೆ ಇಳಿಯಬಹುದು. ಮಕ್ಕಳಿರುವ ಮನೆಯವರಿಗೆ, ಒಳಗೆ ನೀರು ಬಿಡದ ಡ್ರೈಸೂಟ್ ಮೊದಲ ಸಲ ಹಾಕುವವರಿಗೆ ಅನುಕೂಲ. ಡ್ರೈಸೂಟ್‌ನಲ್ಲಿ ಗಾಳಿ ಕಾಲಿಗೆ ಹೋಗಿ ತಲೆಕೆಳಗಾಗೋದು ಸಾಮಾನ್ಯ, ಅದು ನೆಲ ಕೈಗೆ ಸಿಗುವ ಜಾಗದಲ್ಲೇ ಆಗಲಿ. ಮರಳಲ್ಲಿ ಮಾತ್ರ ಮಂಡಿಯೂರಬೇಡಿ, ಸೆಕೆಂಡ್ ಸ್ಟೇಜ್ ಒಳಗೆ, ಇನ್‌ಫ್ಲೇಟರ್ ಗುಂಡಿಯ ಸಂದಿಗೆ ಮರಳು ಹೋದರೆ ಇಲ್ಲದ ದೋಷ ನೀವೇ ತಂದುಕೊಂಡಂತೆ. ಸುವಾನೀ ದಂಡೆಯ ಟ್ರಾಯ್ ಸ್ಪ್ರಿಂಗ್ ಸ್ಟೇಟ್ ಪಾರ್ಕ್ 70 ಅಡಿ ಆಳದ, ಮೇಲೆ ಪೂರ್ತಿ ತೆರೆದ ಕೊಳ. 1863ರಲ್ಲಿ ಅಂತರ್ಯುದ್ಧದ ಕಾಲಕ್ಕೆ ಬೇಕೆಂದೇ ಮುಳುಗಿಸಿದ ಮ್ಯಾಡಿಸನ್ ಅನ್ನುವ ಉಗಿದೋಣಿಯ ಪಕ್ಕೆಲುಬುಗಳು ಅಲ್ಲಿ ಇನ್ನೂ ಇವೆ. ಎರಡನೇ ಡೈವ್‌ಗೆ ನನಗೆ ಇಷ್ಟದ ಜಾಗ, ನದಿ ಇಳಿದಿದ್ದರೆ. ಆರೆಂಜ್ ಸಿಟಿಯ ಬ್ಲೂ ಸ್ಪ್ರಿಂಗ್ ಸ್ಟೇಟ್ ಪಾರ್ಕ್ ಚಳಿಗಾಲದ ಪಟ್ಟಿಯಿಂದ ತೆಗೆದುಬಿಡಿ. ನವೆಂಬರ್ ಮಧ್ಯದಿಂದ ಮಾರ್ಚ್‌ವರೆಗೆ ಬೆಚ್ಚನೆಯ ನೀರಿಗೆ ಮ್ಯಾನಟೀಗಳು (ನೀರಲ್ಲಿ ಬದುಕುವ ದೊಡ್ಡ ಸಸ್ತನಿಗಳು) ಬರುತ್ತವೆ, ಆಗ ಮನುಷ್ಯರಿಗೆ ನೀರಿಗೆ ಪ್ರವೇಶ ಇಲ್ಲ.

ಎರಡನೇ ಡೈವ್ ಅಂತ ಎರಡು ಸಲ ಹೇಳಿದೆ. ಅದು ಯಾಕೆ ಬೇಕಂದರೆ, ಆಳಕ್ಕೆ ಹೋದಂತೆ ಗಾಳಿ ದಟ್ಟವಾಗುತ್ತೆ. 20 ಮೀಟರ್‌ನಲ್ಲಿ ನೀವು ಎಳೆದುಕೊಳ್ಳುವ ಪ್ರತಿ ಉಸಿರಿನಲ್ಲಿ ಮೇಲ್ಮೈಯ ಸುಮಾರು ಮೂರು ಪಟ್ಟು ಗಾಳಿ ಇರುತ್ತೆ. ಐದು ಮೀಟರ್‌ನಲ್ಲಿ ಎಂಥ ರೆಗ್ಯುಲೇಟರೂ ಬೆಣ್ಣೆಯಂತೆ ನಡೆಯುತ್ತೆ, ಸ್ವಲ್ಪ ಆಳದಲ್ಲಿ, ಸ್ವಲ್ಪ ಜೋರಾಗಿ ಫಿನ್ ಬಡಿದು ಉಸಿರು ಏರಿದಾಗ ಅದರ ಗುಣ ಗೊತ್ತಾಗುತ್ತೆ. ಮೊದಲ ಡೈವ್ ಸೋರುವಿಕೆಗೆ, ಗುಂಡಿಗಳಿಗೆ, ತೂಕಕ್ಕೆ. ಎರಡನೆಯದು ಉಸಿರಾಟಕ್ಕೆ. ಮತ್ತೆ ಎಲ್ಲ ಹೊಸದನ್ನೂ ಒಟ್ಟಿಗೆ ಹಾಕಿ ಇಳಿಯಬೇಡಿ. ಹೊಸ ರೆಗ್ಯುಲೇಟರ್ ಇದ್ದರೆ ಬಿಸಿಡಿ ಹಳೆಯದಿರಲಿ. ಎಲ್ಲವೂ ಹೊಸದಾದರೆ ಒಂದು ತೊಂದರೆ ಬಂದಾಗ ಯಾವುದರಿಂದ ಅಂತ ಹುಡುಕುವಷ್ಟರಲ್ಲಿ ಇನ್ನೊಂದು ಬಂದಿರುತ್ತೆ.

ನೀರಿಗೆ ಇಳಿಯುವ ಮುಂಚೆ ದಂಡೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಬಹಳ ಜನ ಬಿಟ್ಟುಬಿಡುತ್ತಾರೆ. ರೆಗ್ಯುಲೇಟರನ್ನು ಸಿಲಿಂಡರ್‌ಗೆ ಜೋಡಿಸಿ, ವಾಲ್ವ್ ತೆರೆಯದೆ, ಬಾಯಿಗೆ ಇಟ್ಟು ಮೆಲ್ಲಗೆ ಎಳೆಯಿರಿ. ಏನೂ ಬರಬಾರದು. ಸ್ವಲ್ಪವಾದರೂ ಗಾಳಿ ನುಸುಳಿದರೆ ಡಯಾಫ್ರಮ್ ಅಥವಾ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂತಿಲ್ಲ, ನೀರೊಳಗೆ ಆ ದಾರಿಯಲ್ಲೇ ನೀರು ಬರುತ್ತೆ. ಆಮೇಲೆ ವಾಲ್ವ್ ತೆರೆದು, ಮತ್ತೆ ಮುಚ್ಚಿ, ಪ್ರೆಷರ್ ಗೇಜ್ ನೋಡುತ್ತಾ ಸ್ವಲ್ಪ ಹೊತ್ತು ಬಿಡಿ. ಮುಳ್ಳು ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಇಷ್ಟಾದ ಮೇಲೆ ಸೊಂಟದೆತ್ತರದ ನೀರಲ್ಲಿ ಜೊತೆಗಾರನಿಗೆ ಬೆನ್ನು ತೋರಿಸಿ ಗುಳ್ಳೆ ನೋಡಿಸಿಕೊಳ್ಳಿ.

ಹೋಗುವ ದಿನದ ಬಗ್ಗೆ ಒಂದು ಮಾತು. ಶನಿವಾರ ಭಾನುವಾರ ತರಬೇತಿಯ ತಂಡಗಳೆಲ್ಲ ಇದೇ ಪ್ಲಾಟ್‌ಫಾರ್ಮ್‌ಗಳ ಮೇಲೆ ಇರುತ್ತವೆ, ಹತ್ತು ಗಂಟೆಗೆಲ್ಲ ತಳದ ಹೂಳು ಎದ್ದಿರುತ್ತೆ. ವಾರದ ನಡುವೆ ರಜೆ ಹಾಕಲು ಆಗದಿದ್ದರೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. ಸರ್ಟಿಫಿಕೇಷನ್ ಕಾರ್ಡ್ ಕೇಳುತ್ತಾರೆ. 22 ಡಿಗ್ರಿ ನೀರು ಕಾಲಿಟ್ಟಾಗ ಹಿತ ಅನ್ನಿಸಿದರೂ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಎಳೆಯುತ್ತೆ. ನಮ್ಮಂಥ ಬಿಸಿಲೂರಿನವರಿಗೆ 5 ಮಿಲಿಮೀಟರ್ ವೆಟ್‌ಸೂಟ್ ಬೇಕೇ ಬೇಕು. ಜನವರಿಯಲ್ಲಿ ನಿಜವಾದ ಚಳಿ ಕಾಡೋದು ಹೊರಗೆ ಬಂದ ಮೇಲೆ, ಒದ್ದೆ ಮೈಗೆ ಗಾಳಿ ಬೀಸಿದಾಗ.

ಕೊನೆಗೆ ತೂಕದ ಲೆಕ್ಕ. ಬುಗ್ಗೆಯಲ್ಲಿ ಸರಿಯಾಗಿ ಕೂತ ತೂಕವನ್ನೇ ಸಮುದ್ರಕ್ಕೆ ಒಯ್ದರೆ ನೀವು ಮುಳುಗಲ್ಲ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ನೂರಕ್ಕೆ ಎರಡೂವರೆ ಪಾಲು ಭಾರ, ಅಷ್ಟೇ ಜಾಸ್ತಿ ನಿಮ್ಮನ್ನು ಮೇಲಕ್ಕೆ ತಳ್ಳುತ್ತೆ. ಲೆಕ್ಕ ಹಾಕಬೇಕಾದ್ದು ಬರೀ ಮೈತೂಕಕ್ಕಲ್ಲ, ಹೊತ್ತ ಗೇರ್ ಎಲ್ಲ ಸೇರಿಸಿ. 75 ಕಿಲೋ ಮನುಷ್ಯ, ಸಿಲಿಂಡರ್, ಬಿಸಿಡಿ, ತೂಕದ ಬೆಲ್ಟ್ ಎಲ್ಲ ಸೇರಿ 103 ಕಿಲೋ ಆದರೆ, ಸಮುದ್ರಕ್ಕೆ ಎರಡೂವರೆ ಕಿಲೋ ಜಾಸ್ತಿ ಬೇಕು. ಫ್ಲಾರಿಡಾದಲ್ಲಿ ಕೊಂಡ ಸೆಟ್ ಊರಿಗೆ ತಂದು ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಇಳಿಯುವವರು ಇದನ್ನು ಮೊದಲೇ ಬರೆದಿಟ್ಟುಕೊಂಡರೆ ದೋಣಿಯ ಪಕ್ಕ ತೇಲುತ್ತಾ ಒದ್ದಾಡುವುದು ತಪ್ಪುತ್ತೆ. ಅಲ್ಲಿ ತೆಳು ವೆಟ್‌ಸೂಟ್ ಹಾಕುವುದಾದರೆ ಆ ಲೆಕ್ಕವೂ ಬದಲಾಗುತ್ತೆ, ತೆಳುವಾದಷ್ಟೂ ತೂಕ ಕಡಿಮೆ ಸಾಕು.

ಇದನ್ನು ಬುಗ್ಗೆಯಲ್ಲಿ ಅಳೆಯುವಾಗ ಸಿಲಿಂಡರ್ ತುಂಬಿದ್ದಾಗ ಅಳೆಯಬೇಡಿ. ಸಾಮಾನ್ಯವಾಗಿ ಬಳಸುವ 80 ಘನ ಅಡಿಯ ಅಲ್ಯೂಮಿನಿಯಂ ಸಿಲಿಂಡರ್‌ನಲ್ಲಿರುವ ಗಾಳಿಯೇ ಎರಡೂವರೆ ಕಿಲೋಗಿಂತ ಜಾಸ್ತಿ ತೂಗುತ್ತೆ, ಡೈವ್ ಮುಗಿಯುವ ಹೊತ್ತಿಗೆ ಅದರಲ್ಲಿ ಸುಮಾರು ಎರಡು ಕಿಲೋ ಖರ್ಚಾಗಿ ಸಿಲಿಂಡರ್ ತೇಲಲು ನೋಡುತ್ತೆ. ಸಿಲಿಂಡರ್‌ನಲ್ಲಿ 50 ಬಾರ್ ಒತ್ತಡ ಉಳಿದಾಗ, ಐದು ಮೀಟರ್‌ನಲ್ಲಿ, ಬಿಸಿಡಿ ಖಾಲಿ ಮಾಡಿ, ಮಾಮೂಲಿ ಉಸಿರಾಡುತ್ತಾ ಮೂರು ನಿಮಿಷ ಏರದೆ ಇಳಿಯದೆ ನಿಲ್ಲಲು ಆದರೆ ಅದೇ ನಿಮ್ಮ ತೂಕ. ಡೈವ್ ಕಂಪ್ಯೂಟರಿನಲ್ಲಿ ಸಿಹಿನೀರು, ಉಪ್ಪುನೀರು ಅಂತ ಸೆಟ್ಟಿಂಗ್ ಇದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಬುಗ್ಗೆಯ ಹತ್ತು ಮೀಟರ್ ಅದರಲ್ಲಿ 9.7 ಅಂತ ಕಾಣುತ್ತೆ. ಬುಗ್ಗೆಯಲ್ಲಿ ಗೊತ್ತಾಗದ ಸಂಗತಿಗಳೂ ಇವೆ: ಉಪ್ಪಿಗೆ ಯಾವ ಸ್ಕ್ರೂ ತುಕ್ಕು ಹಿಡಿಯುತ್ತೆ, ಐದು ಡಿಗ್ರಿ ನೀರಲ್ಲಿ ಫಸ್ಟ್ ಸ್ಟೇಜ್ ಹೆಪ್ಪುಗಟ್ಟುತ್ತಾ, ಅಲೆಯಲ್ಲಿ ದೋಣಿಯ ಏಣಿ ಹಿಡಿದಾಗ ಫಿನ್ ಬಿಚ್ಚಲು ಬರುತ್ತಾ. ಅವಕ್ಕೆ ಬೇರೆ ನೀರು, ಬೇರೆ ದಿನ.